ಡ್ರಾ ಆಯ್ತು ಅಂದ್ರೆ ಸಾಕಾ?

ಸಂಪಾದಕರಿಗೆ ನಮಸ್ಕಾರ,

2024ರ ಡಿಸೆಂಬರ್ 3ರ ಮಂಗಳವಾರ, ಸಿಂಗಪುರದ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಗುಕೇಶ್ ಮತ್ತು ಚೀನಾದ ಡಿಂಗ್ ಲಿರೆನ್ ಆಡಿದ ಏಳನೇ ಪಂದ್ಯಕ್ಕೆ ನಿಮ್ಮ ಕ್ರೀಡಾ ಪುಟದಲ್ಲಿ ಸಿಕ್ಕಿದ್ದು ನಾಲ್ಕೇ ಸಾಲು. ಅದರಲ್ಲೂ 'ನೀರಸ' ಅನ್ನೋ ಮಾತು ಬೇರೆ. ಸತತ ನಾಲ್ಕನೇ ಡ್ರಾ, ನಿಜ. ಆದರೆ ಆಟ ನೋಡಿ ಬರೆದದ್ದಾ ಅದು?

72 ನಡೆ, ಐದು ಗಂಟೆಗೂ ಜಾಸ್ತಿ. ಬಿಳಿ ಕಾಯಿ ಹಿಡಿದಿದ್ದ ನಮ್ಮ ಹುಡುಗ ಗೆಲ್ಲುವ ಸ್ಥಿತಿಗೇ ಬಂದಿದ್ದ. ಮೊದಲ 40 ನಡೆಗೆ ಒಬ್ಬೊಬ್ಬರಿಗೂ ಎರಡೇ ಗಂಟೆ, ಅಷ್ಟರೊಳಗೆ ಡ್ರಾ ಮಾಡಿಕೊಳ್ಳೋಣ್ವಾ ಅಂತ ಕೇಳುವ ಹಾಗೂ ಇರಲಿಲ್ಲ. ಡಿಂಗ್ ಗಡಿಯಾರದಲ್ಲಿ ಕೆಲವೇ ಸೆಕೆಂಡು ಉಳಿದಿರುವಾಗ 40ನೇ ನಡೆ ಮುಗಿಸಿದರು, ಆಮೇಲೆ ಗುಕೇಶ್ ಒಂದೆರಡು ಕಡೆ ಕೈತಪ್ಪಿದ್ದೇ ತಡ ಪಾರಾಗಿಬಿಟ್ಟರು. ನಾನಂತೂ ಆವತ್ತು ಊಟ ಮರೆತು ಕೂತಿದ್ದೆ.

ಒಂದು ಕಾಲಾಳು ಕಮ್ಮಿ ಇದ್ದರೂ ಡ್ರಾ ಮಾಡಿಕೊಳ್ಳೋದು ಒಂದು ವಿದ್ಯೆ. ಎರಡೂ ಕಡೆ ಒಂದೊಂದು ಆನೆ, ಎದುರಾಳಿಗೆ ಮಾತ್ರ ಒಂದು ಕಾಲಾಳು ಜಾಸ್ತಿ ಅಂದುಕೊಳ್ಳಿ. ನಮ್ಮ ರಾಜ ಆ ಕಾಲಾಳಿನ ದಾರಿಗೆ ಅಡ್ಡ ನಿಂತಿರಬೇಕು, ಆನೆ ನಮ್ಮ ಕಡೆಯಿಂದ ಮೂರನೇ ಸಾಲು ಕಾಯುತ್ತಾ ಇರಬೇಕು, ಅವರ ರಾಜ ಒಳಗೆ ಬರೋಕಾಗಲ್ಲ. ಕಾಲಾಳು ಆ ಸಾಲಿಗೆ ಬಂತೋ, ಆನೆ ತಕ್ಷಣ ದೂರದ ತುದಿಗೆ ಓಡಬೇಕು, ಹಿಂದಿನಿಂದ ಚೆಕ್ ಮೇಲೆ ಚೆಕ್. ಅವರ ರಾಜನಿಗೆ ಅಡಗಲು ಜಾಗವೇ ಇಲ್ಲ. 2018ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಪಂದ್ಯದಲ್ಲಿ ಕಾರ್ಲ್‌ಸನ್ 115 ನಡೆ, ಸುಮಾರು ಏಳು ಗಂಟೆ ಹಿಂಡಿದರೂ ಕರುವಾನಾ ಬಗ್ಗಲಿಲ್ಲ.

ಹದಿನೈದು ನಡೆ ಆಡಿ, ಅದೇ ನಡೆ ಮೂರು ಸಲ ತಿರುಗಿಸಿ, ಕೈಕುಲುಕಿ ಎದ್ದುಹೋಗುವ ಡ್ರಾಗಳೂ ಇವೆ. ಅವಕ್ಕೆ ನಾಲ್ಕು ಸಾಲೂ ದಂಡ, ಬಿಡಿ.

ಮೈಸೂರು ಆವೃತ್ತಿಗಂತೂ ಈ ತಾತ್ಸಾರ ಒಪ್ಪಲ್ಲ. ಮಣೆಯ ಪ್ರತಿ ಮನೆಗೂ ಒಂದೊಂದೇ ಸಲ ಕುದುರೆ ಹಾಯಿಸುವ ಲೆಕ್ಕದಲ್ಲಿ ಮುಳುಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಿದು. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜಕುಮಾರ್ ಅವರದೂ ಇದೇ ಊರು. ಅಂಕಪಟ್ಟಿ ಜೊತೆಗೆ ಆಟದ ಪೂರ್ತಿ ನಡೆಗಳನ್ನು ಸಣ್ಣ ಅಕ್ಷರದಲ್ಲಾದರೂ ಹಾಕಿ, ಆಟ ತಿರುಗಿದ ಘಟ್ಟದ ಒಂದು ಮಣೆ ಚಿತ್ರ ಕೊಡಿ. ಮಕ್ಕಳು ಮನೆಯಲ್ಲಿ ಕಾಯಿ ಜೋಡಿಸಿ ಆಡಿ ನೋಡ್ತಾರೆ. ಜಾಗ ಇಲ್ಲ ಅನ್ನಬೇಡಿ. ಕ್ರಿಕೆಟ್ ಆಟಗಾರರ ಹೇರ್‌ಕಟ್ ಸುದ್ದಿ ಒಂದು ದಿನ ಬಿಟ್ಟರೆ ಸಾಕು.

– ಓದುಗ, ಸರಸ್ವತಿಪುರಂ, ಮೈಸೂರು