ಬೆಲ್ಲದ ವಾಸನೆ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಕಾಲಿಗೆ ಹಾಕಿದ ರಾಡ್ ಚೆನ್ನಾಗಿ ಕೂತಿದೆ, ಕೋಲಿಲ್ಲದೆ ನಡೀತಾನೆ ಅಂದಳು. ಆಮೇಲೆ ದನಿ ತಗ್ಗಿಸಿದಳು. ರಾತ್ರಿ ಬೆಚ್ಚಿ ಎದ್ದು ಕೂರ್ತೀಯಂತೆ. ಲಾರಿ ಹಾರ್ನ್ ಕೇಳಿದರೆ ಬೆವರ್ತೀಯಂತೆ. ಲಾರಿ ಗುದ್ದಿದ ಆ ಸರ್ಕಲ್ ತಪ್ಪಿಸಲು ನಾಲ್ಕು ಕಿಲೋಮೀಟರ್ ಸುತ್ತಿಕೊಂಡು ಆಫೀಸಿಗೆ ಹೋಗ್ತೀಯಂತೆ. ಅಪಘಾತ ಆಗಿ ಐದು ತಿಂಗಳಾಯಿತು, ಅಲ್ವಾ?

ನನ್ನ ಬಲಗೈಯ ಎರಡು ಬೆರಳು ಆಲೆಮನೆಯ ಗಾಣಕ್ಕೆ ಹೋದದ್ದು ನಿನಗೆ ಗೊತ್ತು. ಆಮೇಲಿನದು ಗೊತ್ತಿಲ್ಲ. ಗಾಯ ಎರಡು ತಿಂಗಳಲ್ಲಿ ಮಾಯಿತು. ಆದರೆ ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವ ವಾಸನೆ ಬಂದರೆ ಸಾಕು, ನಾನು ಮತ್ತೆ ಗಾಣದ ಮುಂದೆ ನಿಂತಿರುತ್ತಿದ್ದೆ. ನೆನಪಲ್ಲ ಕಣೋ ಅದು. ಕೈ ಈಗಲೇ ಒಳಗೆ ಹೋಗ್ತಿದೆ ಅನ್ನೋ ಹಾಗೆ. ಮಂಡ್ಯದಲ್ಲಿದ್ದುಕೊಂಡು ಬೆಲ್ಲದ ವಾಸನೆಯಿಂದ ಎಲ್ಲಿಗೆ ಓಡೋದು? ಅಮ್ಮ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದಳು. ನಾನು ಬಾಟಲಿ ಹಿಡಿದೆ. ಕುಡಿದರೆ ಬೇಗ ನಿದ್ದೆ ಬರುತ್ತಿತ್ತು, ನಡುರಾತ್ರಿ ಕನಸು ಇನ್ನೂ ಜಾಸ್ತಿ. ಕೈಗೆ ಹೊಲಿಗೆ ಹಾಕಿದ ಡಾಕ್ಟರು ನಿದ್ದೆ ಬರುತ್ತಾ ಅಂತ ಒಮ್ಮೆಯೂ ಕೇಳಲಿಲ್ಲ.

ಹತ್ತು ವರ್ಷ ಹಾಳಾದ ಮೇಲೆ ನಿಮ್ಹಾನ್ಸ್‌ಗೆ ಹೋದೆ. ಪಿಟಿಎಸ್‌ಡಿ ಅನ್ನೋ ಹೆಸರು ಅಲ್ಲಿ ಕೇಳಿದ್ದು, ಅಂದರೆ ದೊಡ್ಡ ಆಘಾತದ ನಂತರ ಮನಸ್ಸಿಗೆ ಅಂಟಿಕೊಳ್ಳುವ ಕಾಯಿಲೆ. ಅಮೆರಿಕದ ಮನೋವೈದ್ಯರು 1980ರಲ್ಲಿ ಈ ಹೆಸರನ್ನು ತಮ್ಮ ಕಾಯಿಲೆಗಳ ಪಟ್ಟಿಗೆ ಸೇರಿಸಿದರಂತೆ, ಅದೂ ಯುದ್ಧದಿಂದ ಮರಳಿದ ಸಿಪಾಯಿಗಳನ್ನು ನೋಡಿ. ಗಾಣಕ್ಕೆ ಕೈ ಕೊಟ್ಟವನಿಗೂ ಬರುತ್ತೆ, ಲಾರಿ ಗುದ್ದಿದವನಿಗೂ ಬರುತ್ತೆ. ಮೊದಲ ಕೆಲವು ವಾರ ಹೀಗಾಗೋದು ಸಹಜ, ಎಷ್ಟೋ ಜನಕ್ಕೆ ತಾನಾಗೇ ಇಳಿಯುತ್ತೆ. ಒಂದು ತಿಂಗಳು ದಾಟಿಯೂ ಇಳಿಯದಿದ್ದರೆ ತೋರಿಸಲೇಬೇಕು. ನಿನ್ನದು ಐದಾಯಿತು.

ಡಾಕ್ಟರಮ್ಮ ನನ್ನಿಂದ ಆ ದಿನದ ಕಥೆಯನ್ನೇ ಮತ್ತೆ ಮತ್ತೆ ಹೇಳಿಸಿದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಜೊತೆಗೆ ಸ್ವಲ್ಪ ದಿನ ಮಾತ್ರೆ. ಆಮೇಲೆ ಆಲೆಮನೆಯನ್ನು ದೂರದಿಂದ ನೋಡು, ಮುಂದಿನ ವಾರ ಬಾಗಿಲ ತನಕ ಹೋಗು ಅಂತ. ನೀನು ಸರ್ಕಲ್ ಸುತ್ತಿಕೊಂಡು ಹೋದಷ್ಟೂ ಅದು ನಿನ್ನ ತಲೆಯೊಳಗೆ ದೊಡ್ಡದಾಗುತ್ತೆ. ಹಾಗಂತ ಹಟ ಹಿಡಿದು ನಾಳೆಯೇ ಅಲ್ಲಿ ಹೋಗಿ ನಿಲ್ಲಬೇಡ. ಗೊತ್ತಿರುವವರು ಹೇಳಿದಂತೆ ಮಾಡು.

ಡಾಕ್ಟರ ಹತ್ತಿರ ಹೋಗುವ ತನಕ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ, 14416ಕ್ಕೆ ಫೋನ್ ಮಾಡು. ಕಾಸಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ನಡುರಾತ್ರಿಯಲ್ಲೂ ಎತ್ತುತ್ತಾರೆ.

ಸೋಮವಾರ ರಜೆ ಹಾಕು. ಭಾನುವಾರ ಸಂಜೆಯ ರೈಲಿಗೆ ಬರ್ತೀನಿ, ಬೆಳಿಗ್ಗೆ ಇಬ್ಬರೂ ನಿಮ್ಹಾನ್ಸ್‌ಗೆ ಹೋಗೋಣ. ಅಕ್ಕನಿಗೆ ಎರಡು ಕೇಜಿ ಹೊಸ ಬೆಲ್ಲ ತರ್ತೀನಿ ಅಂತ ಹೇಳು.

ನಿನ್ನ ಮಾವ