ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟು ಬಂದ ಆಧಾರ್

ಮಾನ್ಯ ಸಂಪಾದಕರೇ,

ಹೋದ ವಾರ ಪಾಸ್‌ಬುಕ್ಕಿನ ಒಂದು ಪುಟ ಪ್ರಿಂಟ್ ತೆಗೆಸಲು ಮನೆ ಹತ್ತಿರದ ಸೈಬರ್ ಸೆಂಟರ್‌ಗೆ ಹೋಗಿದ್ದೆ. ಹೆಸರಿಗೆ ಸೈಬರ್. ಈಗ ಅಲ್ಲಿ ಯಾರೂ ಕೂತು ಇಂಟರ್ನೆಟ್ ನೋಡುವುದಿಲ್ಲ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷಿನ್, ಪಕ್ಕದಲ್ಲಿ ಲ್ಯಾಮಿನೇಷನ್. "ವಾಟ್ಸಾಪ್ ವೆಬ್ ಓಪನ್ ಮಾಡ್ಕೊಳ್ಳಿ ಅಂಕಲ್" ಅಂದ ಹುಡುಗ. ಫೋನ್ ಹಿಡಿದು ಸ್ಕ್ಯಾನ್ ಮಾಡಿದೆ. ಫೈಲ್ ಹುಡುಕಲು ಡೌನ್‌ಲೋಡ್ಸ್ ತೆರೆದರೆ ಅದರಲ್ಲಿ ಇಡೀ ಬಡಾವಣೆಯೇ ಕೂತಿತ್ತು! ಯಾರದೋ ಪಾನ್ ಕಾರ್ಡ್, ಯಾವುದೋ ಹುಡುಗಿಯ ಪಿಯುಸಿ ಅಂಕಪಟ್ಟಿ, ಒಬ್ಬರ ರಕ್ತ ಪರೀಕ್ಷೆಯ ರಿಪೋರ್ಟ್. ಆಧಾರ್ ಅಂತೂ ಲೆಕ್ಕವೇ ಇಲ್ಲ. ಕೆಳಗೆ ಸರಿಸುತ್ತಾ ಹೋದರೆ ಮೂರು ತಿಂಗಳ ಹಿಂದೆ ನಾನೇ ಪ್ರಿಂಟ್ ಹಾಕಿಸಿದ್ದ ಬಾಡಿಗೆ ಕರಾರು, ನನ್ನ ಸಹಿ ಮತ್ತು ಮನೆ ಓನರ್ ಸಹಿ ಸಮೇತ.

ಮನೆಗೆ ಬಂದ ಮೇಲೆ ಸೊಸೆ ನನ್ನ ಫೋನ್ ತೆಗೆದುಕೊಂಡು 'ಲಿಂಕ್ಡ್ ಡಿವೈಸಸ್' ತೋರಿಸಿದಳು. ಅಂಗಡಿಯ ಕಂಪ್ಯೂಟರ್ ಇನ್ನೂ ನನ್ನ ವಾಟ್ಸಾಪ್‌ಗೆ ಅಂಟಿಕೊಂಡೇ ಇತ್ತು. ನಮ್ಮ ಫೋನ್ ಆಫ್ ಆಗಿದ್ದರೂ ಅದು ಅಲ್ಲಿ ನಡೆಯುತ್ತದಂತೆ. ನಾನು ಊಟಕ್ಕೆ ಕೂತಿದ್ದಾಗ ನಮ್ಮ ಫ್ಯಾಮಿಲಿ ಗ್ರೂಪಿನ ಜಗಳವನ್ನೆಲ್ಲ ಆ ಹುಡುಗ ಓದಬಹುದಿತ್ತು. ಓದಿರಲಿಕ್ಕಿಲ್ಲ ಬಿಡಿ, ಅವನಿಗೆ ಪುರುಸೊತ್ತೆಲ್ಲಿ? ಕೂಡಲೇ ಫೋನಿನಿಂದಲೇ ಲಾಗ್ ಔಟ್ ಮಾಡಿದೆವು.

ಪುಕ್ಕಟೆ ವೈಫೈ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಸುಮ್ನೆ ಅಲ್ಲ, ಸರಿ. ಆದರೆ ಈಗ ಹೆಚ್ಚಿನ ವೆಬ್‌ಸೈಟುಗಳು ನಮ್ಮ ಮಾಹಿತಿಗೆ ಬೀಗ ಹಾಕಿಯೇ ಕಳಿಸುತ್ತವೆ. ಜೆರಾಕ್ಸ್ ಅಂಗಡಿಯಲ್ಲಿ ನಾವೇ ಕೈಯಾರೆ ಬಿಟ್ಟು ಬರುತ್ತೇವೆ, ಅಲ್ವಾ?

2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಬಂದವರ ಗುರುತಿನ ಚೀಟಿ ನೋಡಬೇಕು. ವಿವರ ಬರೆದ ರಿಜಿಸ್ಟರನ್ನು ಕನಿಷ್ಠ ಒಂದು ವರ್ಷ ಇಟ್ಟಿರಬೇಕು. ಪಾರ್ಟಿಷನ್ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು. ನಾವು ಅಲ್ಲಿ ಕೂತು ಏನು ಮಾಡಿಬಿಡುತ್ತೇವೋ ಎಂಬ ಚಿಂತೆಯೇ ಜಾಸ್ತಿ. ಎದ್ದು ಹೋದ ಮೇಲೆ ಉಳಿಯುವ ಫೈಲಿನ ಗತಿ ಕೇಳುವವರಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು. ಸೈಬರ್ ಕೆಫೆಯಲ್ಲಿ ಇ-ಆಧಾರ್ ಡೌನ್‌ಲೋಡ್ ಮಾಡಬೇಡಿ, ಮಾಡಿದರೆ ಎಲ್ಲ ಪ್ರತಿಗಳನ್ನೂ ಅಳಿಸಿ ಎಂದು. ಜನ ತಪ್ಪು ತಿಳಿಯಬಹುದೆಂದು ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆದರು. ನನಗಂತೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. "ಜೆರಾಕ್ಸ್ ಮಾಡಿಸ್ಕೊಂಡು ಬನ್ನಿ" ಎಂದು ಕೌಂಟರಿನಿಂದ ನಮ್ಮನ್ನು ಅಲ್ಲಿಗೆ ಅಟ್ಟುವುದು ಕಚೇರಿಗಳೇ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುವ ಕಡೆ ಅದನ್ನೇ ತೆಗೆದುಕೊಳ್ಳಲಿ. ಕಾಲೇಜು ಲ್ಯಾಬುಗಳಲ್ಲಿ ರೀಸ್ಟಾರ್ಟ್ ಮಾಡಿದರೆ ಹಿಂದಿನವರು ಬಿಟ್ಟದ್ದೆಲ್ಲ ಅಳಿಸಿಹೋಗುವ ಸಾಫ್ಟ್‌ವೇರ್ ಹಾಕಿರುತ್ತಾರೆ. ಟ್ರೇಡ್ ಲೈಸೆನ್ಸ್ ಕೊಡುವಾಗ ಪಾಲಿಕೆಯವರು ಅದನ್ನೊಂದು ಷರತ್ತು ಮಾಡಲಿ.

ಮರುದಿನ ಮತ್ತೆ ಅಂಗಡಿಗೆ ಹೋದೆ. ಹುಡುಗ ತಕರಾರಿಲ್ಲದೆ ಎಲ್ಲ ಡಿಲೀಟ್ ಮಾಡಿದ. "ರೀಸೈಕಲ್ ಬಿನ್ ಕೂಡ ಖಾಲಿ ಮಾಡಪ್ಪ" ಅಂದೆ. "ಅದನ್ನ ನಾನೇ ಯಾವತ್ತೂ ನೋಡಿಲ್ಲ ಅಂಕಲ್" ಎನ್ನುತ್ತಾ ಒತ್ತಿದ. ಖಾಲಿಯಾಗಲು ಐದು ನಿಮಿಷ ಹಿಡಿಯಿತು.

– ಒಬ್ಬ ನಿವೃತ್ತ ಗುಮಾಸ್ತ, ಶ್ರೀನಗರ, ಬೆಂಗಳೂರು