ಮಲೇರಿಯಾ ಲಸಿಕೆಗಿಂತ ಮೊದಲು ರಕ್ತದ ಸ್ಲೈಡ್ ಬೇಕು

ಸಂಪಾದಕರಿಗೆ,

ಮಲೇರಿಯಾದ ಆರ್21 ಲಸಿಕೆ ತಯಾರಾಗುವುದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ. ಅದಕ್ಕೂ ಮೊದಲು ಬಂದ ಆರ್‌ಟಿಎಸ್‌ಎಸ್ ಲಸಿಕೆಯ ತಂತ್ರಜ್ಞಾನವನ್ನು ಹೈದರಾಬಾದ್‌ನ ಭಾರತ್ ಬಯೋಟೆಕ್ ಪಡೆದಿದೆ. ಎರಡೂ ಊರು ನಮಗೆ ಹತ್ತಿರವೇ. ಹೀಗಿರುವಾಗ ಲಸಿಕೆ ಆಫ್ರಿಕಾಕ್ಕೆ ಹೋಗುತ್ತದೆ, ಯಾದಗಿರಿ, ಕಲಬುರಗಿಯ ಮಕ್ಕಳಿಗೆ ಯಾಕಿಲ್ಲ ಎಂದು ಜನ ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರದ ಒಂದು ಭಾಗ ರೋಗಾಣುವಿನ ಜೀನ್‌ಗಳಲ್ಲಿದೆ.

ಎರಡೂ ಲಸಿಕೆಗಳು ಫಾಲ್ಸಿಪಾರಂ ಎಂಬ ಒಂದೇ ಜಾತಿಯ ಮಲೇರಿಯಾಕ್ಕೆ ಮಾಡಿದಂಥವು. ಸೊಳ್ಳೆ ಕಚ್ಚಿದಾಗ ಒಳಸೇರುವ ರೋಗಾಣುವಿನ ಮೈಮೇಲೆ ಸಿಎಸ್‌ಪಿ ಎಂಬ ಪ್ರೋಟೀನ್ ಇರುತ್ತದೆ. ರೋಗಾಣು ಲಿವರ್ ಹೊಕ್ಕುವ ಮೊದಲೇ ಅದನ್ನು ತಡೆಯಲೆಂದು ಆ ಪ್ರೋಟೀನಿನ ತುಣುಕನ್ನು ಲಸಿಕೆಯಲ್ಲಿ ಕೊಡುತ್ತಾರೆ. ಆ ತುಣುಕು 3ಡಿ7 ಎಂಬ ಒಂದೇ ತಳಿಯದು. ಅದರ ಒಂದು ಭಾಗ ಎಲ್ಲ ತಳಿಗಳಲ್ಲೂ ಹೆಚ್ಚುಕಡಿಮೆ ಒಂದೇ ತೆರ, ತುದಿಯ ಭಾಗ ಮಾತ್ರ ತಳಿಯಿಂದ ತಳಿಗೆ ಬೇರೆ. ಆರ್‌ಟಿಎಸ್‌ಎಸ್ ಪ್ರಯೋಗದಲ್ಲಿ ಭಾಗವಹಿಸಿದ ಆಫ್ರಿಕಾದ ಮಕ್ಕಳ ರಕ್ತದಲ್ಲಿದ್ದ ರೋಗಾಣುವಿನ ಸಿಎಸ್‌ಪಿ ಜೀನನ್ನು ಓದಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಐದರಿಂದ 17 ತಿಂಗಳ ಮಕ್ಕಳಲ್ಲಿ, ಲಸಿಕೆಯ ತಳಿಗೆ ಹೊಂದುವ ರೋಗಾಣುವಿನ ವಿರುದ್ಧ ಒಂದು ವರ್ಷದ ರಕ್ಷಣೆ ಶೇ 50.3 ಇತ್ತು. ಹೊಂದದ ರೋಗಾಣುವಿನ ವಿರುದ್ಧ ಶೇ 33.4ಕ್ಕೆ ಇಳಿದಿತ್ತು. ಹೊಂದುವ ತಳಿ ಸಿಕ್ಕಿದ್ದು ನೂರಕ್ಕೆ ಹತ್ತಕ್ಕಿಂತ ಕಡಿಮೆ.

ಹಾಗೆಂದು ಲಸಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಘಾನಾ, ಕೀನ್ಯಾ, ಮಲಾವಿಯಲ್ಲಿ 2019ರಿಂದ ಆರ್‌ಟಿಎಸ್‌ಎಸ್ ಕೊಟ್ಟ ಮೇಲೆ ಲಸಿಕೆಯ ವಯಸ್ಸಿನ ಮಕ್ಕಳ ಸಾವು ಶೇ 13ರಷ್ಟು ಇಳಿಯಿತು. ಫಾಲ್ಸಿಪಾರಂ ಅಷ್ಟೊಂದು ಮಕ್ಕಳನ್ನು ಕೊಲ್ಲುವ ನಾಡಿನಲ್ಲಿ ಅರೆ ರಕ್ಷಣೆಯೂ ದೊಡ್ಡದು. ನಾಲ್ಕು ಡೋಸ್ ಮುಗಿಸಬೇಕು, ಮಗುವಿಗೆ ನಡೆಯಲು ಬಂದ ಮೇಲೆ ನಾಲ್ಕನೆಯದಕ್ಕೆ ಕರೆತರುವುದೇ ಅಲ್ಲಿನ ಕಾರ್ಯಕರ್ತೆಯರಿಗೆ ಕಷ್ಟ.

ನಮ್ಮಲ್ಲಿ ವೈವಾಕ್ಸ್ ಎಂಬ ಇನ್ನೊಂದು ಜಾತಿಯ ಮಲೇರಿಯಾವೂ ಇದೆ. ಅದರ ಸಿಎಸ್‌ಪಿ ಬೇರೆಯೇ, ಈ ಲಸಿಕೆಗಳು ಅದನ್ನು ಮುಟ್ಟುವುದಿಲ್ಲ. ಮೇಲಾಗಿ ವೈವಾಕ್ಸ್ ಲಿವರ್‌ನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮತ್ತೆ ಜ್ವರ ಎಬ್ಬಿಸುತ್ತದೆ. ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಮಾತ್ರ ಕೊಲ್ಲುತ್ತದೆ. ಅಡಗಿದ್ದಕ್ಕೆ ಪ್ರೈಮಾಕ್ವಿನ್ ಮಾತ್ರೆ 14 ದಿನ ನುಂಗಲೇಬೇಕು. ಜ್ವರ ಬಿಟ್ಟ ನಾಲ್ಕನೇ ದಿನಕ್ಕೆ ಮಾತ್ರೆ ಬಿಡುವವರು ಅನೇಕರು, ಮುಂದಿನ ಮಳೆಗಾಲದ ಸೋಂಕಿಗೆ ಬೀಜ ಬೀಳುವುದು ಅಲ್ಲೇ. ಗರ್ಭಿಣಿಯರಿಗೆ, ವರ್ಷದೊಳಗಿನ ಕೂಸುಗಳಿಗೆ ಈ ಮಾತ್ರೆ ಕೊಡಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಈ ಮಾತ್ರೆಯಿಂದ ಕೆಂಪು ರಕ್ತಕಣ ಒಡೆಯುತ್ತದೆ. ಮೂತ್ರ ಕಪ್ಪಗಾದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ಹೋಗಬೇಕು.

ಆಫ್ರಿಕಾದ ಜೀನ್ ಸಂಶೋಧನೆಯಿಂದ ನಮಗೆ ಈಗಲೇ ಉಪಯೋಗವಾಗುವ ಪಾಠ ಇನ್ನೊಂದಿದೆ. ಆಶಾ ಕಾರ್ಯಕರ್ತೆಯರ ಕೈಯಲ್ಲಿರುವ, ಬೆರಳಿನ ರಕ್ತ ಪರೀಕ್ಷಿಸುವ ಕಿಟ್ ಫಾಲ್ಸಿಪಾರಂ ಅನ್ನು ಗುರುತಿಸುವುದು ಎಚ್‌ಆರ್‌ಪಿ2 ಎಂಬ ಪ್ರೋಟೀನ್‌ನಿಂದ. ಕೆಲವು ರೋಗಾಣುಗಳಲ್ಲಿ ಆ ಜೀನೇ ಕಳಚಿಹೋಗಿರುತ್ತದೆ. ರಕ್ತದ ತುಂಬ ಫಾಲ್ಸಿಪಾರಂ ಇದ್ದರೂ ಕಿಟ್‌ನಲ್ಲಿ ಗೆರೆ ಮೂಡುವುದಿಲ್ಲ. ಎರಿಟ್ರಿಯಾದಲ್ಲಿ ಇದು ಎಷ್ಟು ಹೆಚ್ಚಿತೆಂದರೆ 2016ರಲ್ಲಿ ಕಿಟ್ಟನ್ನೇ ಬದಲಿಸಬೇಕಾಯಿತು. ಒಡಿಶಾ, ಛತ್ತೀಸಗಢದಲ್ಲೂ ಇಂಥ ರೋಗಾಣು ಕಂಡಿವೆ. ಕಿಟ್‌ನ ಎರಡನೇ ಗೆರೆ ವೈವಾಕ್ಸ್‌ಗೆ ಮಾತ್ರವಾದ್ದರಿಂದ ಅದೂ ಇಲ್ಲಿ ನೆರವಿಗೆ ಬರುವುದಿಲ್ಲ. ಇನ್ನು ಗುಣವಾದವರಲ್ಲೂ ಎಚ್‌ಆರ್‌ಪಿ2 ವಾರಗಟ್ಟಲೆ ಉಳಿಯುವುದರಿಂದ, ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ಇದೇ ಕಿಟ್‌ನಿಂದ ಹೇಳಲಾಗದು.

ಸೂಕ್ಷ್ಮದರ್ಶಕಕ್ಕೆ ಜೀನ್ ಇದ್ದರೇನು, ಕಳಚಿದ್ದರೇನು, ರೋಗಾಣು ಕಣ್ಣಿಗೆ ಬೀಳುತ್ತದೆ. ಆದರೆ ರಕ್ತ ಲೇಪಿಸಿದ ಗಾಜು, ಅಂದರೆ ಸ್ಲೈಡ್, ಸರಿಯಾಗಿರಬೇಕು. ಒಂದೇ ಗಾಜಿನ ಮೇಲೆ ದಪ್ಪ ಲೇಪನ ಒಂದು, ತೆಳು ಲೇಪನ ಒಂದು: ದಪ್ಪದ್ದು ರೋಗಾಣು ಹುಡುಕಲು, ತೆಳುವಾದದ್ದು ಜಾತಿ ತಿಳಿಯಲು. ಲೇಪನವನ್ನು ಗಾಜಿಗೆ ಕೂರಿಸುವ ಮೆಥನಾಲ್ ತೆಳು ಲೇಪನಕ್ಕೆ ಮಾತ್ರ, ದಪ್ಪದ್ದಕ್ಕೆ ತಗುಲಿದರೆ ರಕ್ತಕಣ ಒಡೆಯದೆ ರೋಗಾಣು ಮುಚ್ಚಿಹೋಗುತ್ತದೆ. ನಮ್ಮ ಏಪ್ರಿಲ್–ಮೇ ಬಿಸಿಲೂ ಅದನ್ನೇ ಮಾಡುತ್ತದೆ. ತಾಂಡಾದಲ್ಲಿ ತೆಗೆದ ಸ್ಲೈಡ್ ಬೈಕಿನ ಡಿಕ್ಕಿಯಲ್ಲಿ ದಿನಗಟ್ಟಲೆ ಬೆಂದರೆ ದಪ್ಪ ಲೇಪನ ಕಾವಿಗೇ ಗಟ್ಟಿಯಾಗಿ ಕೂರುತ್ತದೆ. ಬಣ್ಣ ಹಾಕಿದರೂ ಕಾಣುವುದು ಕಂದು ಕಲೆ ಮಾತ್ರ. ದಪ್ಪ ಲೇಪನದಲ್ಲಿ ನೂರು ಫೀಲ್ಡ್ (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ) ನೋಡದೆ ‘ನೆಗೆಟಿವ್’ ಬರೆಯಬಾರದು. ಕಿಟ್‌ಗಳನ್ನೂ ತಗಡಿನ ಕೋಣೆಯಲ್ಲಿ ಇಡಬಾರದು. ಪೊಟ್ಟಣದ ಮೇಲಿನ ಉಷ್ಣಾಂಶದ ಮಿತಿ ದಾಟಿದ ಕಿಟ್ ದಿನಾಂಕ ಮುಗಿಯದಿದ್ದರೂ ಕೆಟ್ಟಿರಬಹುದು.

ಮುಂಬೈ, ಪುಣೆ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರು ಅಲ್ಲಿನ ರೋಗಾಣುವನ್ನೂ ಹೊತ್ತು ತರಬಹುದು. ಹಾಗೆ ಮರಳಿದವರಿಗೆ ಜ್ವರ ಬಂದು ಕಿಟ್ ನೆಗೆಟಿವ್ ಆದರೆ, ಅದೇ ಬೆರಳಿನಿಂದ ಸ್ಲೈಡ್ ಕೂಡ ತೆಗೆದು 24 ಗಂಟೆಯೊಳಗೆ ಫಲಿತಾಂಶ ತಿಳಿಸುವ ವ್ಯವಸ್ಥೆ ಆಗಬೇಕು. ಇದಕ್ಕೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ಪ್ರಯೋಗಾಲಯ ತಂತ್ರಜ್ಞ, ಒಂದು ಒಳ್ಳೆಯ ಸೂಕ್ಷ್ಮದರ್ಶಕ, ಕೆಡದ ಬಣ್ಣ ಬೇಕು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾಡಳಿತಗಳು ಮುಂಗಾರಿಗೆ ಮೊದಲೇ ಖಾಲಿ ಹುದ್ದೆ ತುಂಬಿ, ಕೆಟ್ಟ ಸೂಕ್ಷ್ಮದರ್ಶಕಗಳನ್ನು ದುರಸ್ತಿ ಮಾಡಿಸಲಿ.

– ಮಲೇರಿಯಾ ಪ್ರಯೋಗಾಲಯ ತಂತ್ರಜ್ಞರು, ಯಾದಗಿರಿ